ಹಿಂದುಮುಂದಾದ ಸಮುದ್ರ

ಭಾಲ್ಕಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವ ನಿಮಗೂ ಸಲೀಸು, ಬರೆಯುವ ನನಗೂ ಸಲೀಸು. ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಎದುರಿನ ಸ್ಟುಡಿಯೋದವನು ಹೊಸ ಲೈಟು ತಂದ ದಿನ ನನಗೆ ಊಟ ಸೇರುವುದಿಲ್ಲ. ನನ್ನ ಹೆಂಡತಿ ಸುಜಾತಾ ಇದನ್ನು ಮದುವೆಯಾದ ಎರಡನೇ ತಿಂಗಳಲ್ಲೇ ಕಂಡುಹಿಡಿದಳು. "ನಿಮ್ಮ ಹೊಟ್ಟ್ಯಾಗ ಒಂದ್ ಒಲಿ ಅದ ನೋಡ್ರಿ. ಅದರ ಮ್ಯಾಲ ನಾಕ್ ರೊಟ್ಟಿ ಸುಡಬಹುದು" ಎನ್ನುತ್ತಾಳೆ.

ಇಪ್ಪತ್ತೈದು ವರ್ಷ ಮದುವೆ ಫೋಟೋ ತೆಗೆದ ನನಗೆ ಇದ್ದದ್ದು ಒಂದೇ ಆಸೆ, ನನ್ನ ಹೆಸರಿನದೊಂದು ಪುಸ್ತಕ. ಆಲ್ಬಂ ಅಲ್ಲ. ಆಲ್ಬಂ ಮೇಲೆ ಮದುಮಕ್ಕಳ ಹೆಸರಿರುತ್ತದೆ, ತೆಗೆದವನ ಹೆಸರು ಹಿಂದುಗಡೆ ರಬ್ಬರ್ ಸ್ಟಾಂಪಿನಲ್ಲಿ ಅರ್ಧ ಅಳಿಸಿರುತ್ತದೆ. ಅಚ್ಚಾದ ಪುಸ್ತಕ ಬೇಕು, ಮುಖಪುಟದಲ್ಲಿ ನನ್ನ ಹೆಸರು ಬೇಕು. ಅದು ಸಣ್ಣದಾದರೂ ಅಡ್ಡಿಯಿಲ್ಲ.

ಆ ವರ್ಷ ನಮ್ಮ ಕಡೆ ಎರಡನೇ ಸಲ ಮಳೆ ಕೈಕೊಟ್ಟಿತ್ತು. ಕಾರಂಜಾ ಜಲಾಶಯದ ನೀರು ಹಿಂದೆ ಸರಿದು ಕೆಸರು ಬಿರುಕು ಬಿಟ್ಟಿತ್ತು. ಮದುವೆಗಳನ್ನು ಮುಂದಕ್ಕೆ ಹಾಕಿದ್ದರು. ಸ್ಟುಡಿಯೋಕ್ಕೆ ಬರುತ್ತಿದ್ದವರೆಲ್ಲ ಪುಣೆಗೋ ಹೈದರಾಬಾದಿಗೋ ಹೊರಟು ನಿಂತವರು, ಪಾಸ್‌ಪೋರ್ಟ್ ಸೈಜಿನ ಫೋಟೋ ಬೇಕಾದವರು. ಹಲಬರ್ಗಾದ ಒಂದು ಮನೆಯವರು ಏಳು ಜನ ಒಟ್ಟಿಗೆ ಬಂದು, ಪರದೆಯ ಮುಂದೆ ಚೀಲಗಳನ್ನು ಇಳಿಸಿ, ಮುಖ ತೊಳೆಯಲು ನೀರು ಕೇಳಿದರು. ಸ್ಟುಡಿಯೋದಲ್ಲಿ ಒಂದು ತಂಬಿಗೆ ನೀರಿತ್ತು. ಏಳೂ ಜನ ಅದರಲ್ಲೇ ಕೈ ಅದ್ದಿ ಮುಖ ಒರೆಸಿಕೊಂಡರು.

ಬೀದರಿನ ನಮ್ಮ ಬುದ್ಧವಿಹಾರದವರು ಶ್ರೀಲಂಕಾಕ್ಕೆ ಯಾತ್ರೆ ಹೊರಡಿಸಿದ್ದು ಅದೇ ವರ್ಷ ದೀಪಾವಳಿ ಮುಗಿದ ಮೇಲೆ. ಅನುರಾಧಪುರ, ಕ್ಯಾಂಡಿ ನೋಡಿ ಎಲ್ಲರೂ ವಾಪಸ್ಸು. ನಾನು ಮಾತ್ರ ನಾಲ್ಕು ದಿನ ಹೆಚ್ಚಿಗೆ ಉಳಿದು ಸಮುದ್ರದ ಫೋಟೋ ತೆಗೆದು, ಅದನ್ನೇ ಪುಸ್ತಕ ಮಾಡುವುದೆಂದು ಹಟ ಹಿಡಿದೆ. ಸುಜಾತಾ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು.

"ಪರದೇಶದಾಗ ಒಬ್ಬರೇ ತಿರುಗಬ್ಯಾಡ್ರಿ. ಗೌತಮನ್ನ ಕರ್ಕೊಂಡ್ ಹೋಗ್ರಿ."

ಗೌತಮ ಅವಳ ತಂಗಿಯ ಗಂಡ, ಎಂದರೆ ನನ್ನ ಷಡ್ಡಕ. ಔರಾದಿನಲ್ಲಿ ನೀರಿನ ಟ್ಯಾಂಕರ್ ಯಾವ ಓಣಿಗೆ ಯಾವ ದಿನ ಹೋಗಬೇಕೆಂದು ರಿಜಿಸ್ಟರ್ ಬರೆಯುವ ಕೆಲಸ ಅವನದು. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಒಳ್ಳೆಯವನು, ಅದೇ ನನ್ನ ತಕರಾರು. ಅತ್ತೆಯ ಮನೆಗೆ ನಾನು ಹೋದರೆ ಚಹಾ ಬರುತ್ತದೆ, ಅವನು ಹೋದರೆ ಹೋಳಿಗೆ ಬರುತ್ತದೆ.

ಕೊಲಂಬೊದಿಂದ ರೈಲಿನಲ್ಲಿ

ಕೊಲಂಬೊದಿಂದ ಗಾಲೆಗೆ ಹೋಗುವ ರೈಲು ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ. ಗಾಲೆ ನಮಗೆ ಟಿ.ವಿ.ಯ ಕ್ರಿಕೆಟ್ಟಿನಲ್ಲಿ ಗೊತ್ತಿದ್ದ ಊರು. ಕಿಟಕಿ ಹಿಡಿಯಬೇಕೆಂದು ನಾನು ಪ್ಲಾಟ್‌ಫಾರ್ಮಿನ ಮೇಲೆ ಮುಂಚೆಯೇ ಹೊಂಚು ಹಾಕಿ ನಿಂತಿದ್ದೆ. ಹತ್ತಿ ಕೂತದ್ದು ಎಡಗಡೆಯ ಕಿಟಕಿ. ಸಮುದ್ರ ಬಂದದ್ದು ಬಲಗಡೆ. ನನಗೆ ದಾರಿಯುದ್ದಕ್ಕೂ ಜನರ ಹಿತ್ತಿಲು, ಒಣಗಿ ಹಾಕಿದ ಲುಂಗಿ, ಬಾಳೆಗಿಡ ಕಂಡವು. ಹಿಂದಿನಿಂದ ನಿಧಾನಕ್ಕೆ ಹತ್ತಿದ ಗೌತಮನಿಗೆ ಬಲಗಡೆ ಒಬ್ಬ ಮುದುಕ ಸರಿದು ಕಿಟಕಿ ಬಿಟ್ಟುಕೊಟ್ಟ.

ಅವನು ಸಮುದ್ರ ನೋಡಿದ್ದು ಅದೇ ಮೊದಲು. ಕಿಟಕಿಯ ಸರಳು ಹಿಡಿದು ಮುಖ ಹೊರಗೆ ಚಾಚಿದ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ಇದು ಎಷ್ಟ್ ಟ್ಯಾಂಕರ್ ಆಗ್ತದ್ರಿ?" ಎಂದ.

"ಉಪ್ಪು ನೀರೋ ಅದು."

"ಗೊತ್ತದ್ರಿ. ಕುಡಿಯಾಕ ಅಲ್ಲ. ಸುಮ್ಮ ಲೆಕ್ಕಕ್ಕ."

ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಅಷ್ಟು ನೀರನ್ನು ಕಂಡು ನನ್ನ ಹೊಟ್ಟೆಯೂ ಉರಿಯುತ್ತಿತ್ತು. ಈ ಜನ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನೆದುರಿನ ಹೆಂಗಸು ಸಮುದ್ರಕ್ಕೆ ಬೆನ್ನು ಹಾಕಿ ನಿದ್ದೆ ಹೊಡೆಯುತ್ತಿದ್ದಳು.

"ವಡೇ, ವಡೇ" ಎಂದು ಒಬ್ಬ ಬುಟ್ಟಿ ಹೊತ್ತು ಬಂದ. ಪರದೇಶದಲ್ಲಿ ನಮ್ಮ ಮಾತು ಕೇಳಿದ ಖುಷಿಗೆ ಎರಡು ಕೊಂಡೆ. ಬಾಯಿಗಿಡುವಾಗ ನೋಡುತ್ತೇನೆ, ವಡೆಯ ಮೇಲೆ ಮೀಸೆ ಸಮೇತ ಸಿಗಡಿ ಕೂತಿದೆ! ನಾನು ಕಿರುಚಿದ್ದಕ್ಕೆ ಇಡೀ ಡಬ್ಬಿ ನಕ್ಕಿತು. ಗೌತಮ ಎರಡನ್ನೂ ತಿಂದು, ಮುದುಕನಿಗೆ ತನ್ನ ಚೀಲದಿಂದ ಖಡಕ್ ರೊಟ್ಟಿ ಮುರಿದು ಕೊಟ್ಟ. ಗಾಲೆ ಬರುವ ಹೊತ್ತಿಗೆ ಅವರಿಬ್ಬರೂ ಒಬ್ಬರಿಗೊಬ್ಬರ ಮಕ್ಕಳ ಫೋಟೋ ತೋರಿಸುತ್ತಿದ್ದರು. ಭಾಷೆ ಮಾತ್ರ ಇಬ್ಬರಿಗೂ ಬೇರೆ.

ಗಾಲೆ, ಕುಸುಮಾ ಅಕ್ಕನ ಮನೆ

ಕೋಟೆಯ ಒಳಗೆ ಒಂದು ಸಣ್ಣ ಗಲ್ಲಿಯಲ್ಲಿ ಕುಸುಮಾ ಎಂಬ ವಿಧವೆ ಮಾಳಿಗೆಯ ಕೋಣೆಯನ್ನು ಪ್ರವಾಸಿಗಳಿಗೆ ಕೊಡುತ್ತಿದ್ದರು. ಅವರ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುತ್ತಾರೆ. ಅದು ಗೊತ್ತಾಗಿ ಗೌತಮ ಹೊಸ್ತಿಲಲ್ಲೇ "ಅಕ್ಕಾ" ಎಂದ. ಅವರು ಮುಖ ಅರಳಿಸಿ "ಮಲ್ಲಿ" ಎಂದರು. ತಮ್ಮನಿಗೆ ಅಲ್ಲಿ ಮಲ್ಲಿ ಎನ್ನುತ್ತಾರಂತೆ. ನಾನೂ "ಅಕ್ಕಾ" ಎಂದೆ. ಅವರು ನನ್ನ ತಲೆಗೂದಲು ನೋಡಿ "ಕಮ್ ಅಂಕಲ್" ಎಂದು ಇಂಗ್ಲಿಷಿನಲ್ಲಿ ಅಂದರು. ಅವರಿಗೂ ನನಗೂ ಹೆಚ್ಚೆಂದರೆ ಎರಡು ವರ್ಷದ ಅಂತರ.

ಆ ಮನೆಯ ಪದ್ಧತಿ ನೋಡಿ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವರು ಕಲ್ಲಿನ ಮೆಟ್ಟಿಲುಗಳನ್ನು ಪೈಪು ಹಿಡಿದು ತೊಳೆಯುತ್ತಿದ್ದರು. ನಳದ ಸಿಹಿ ನೀರು! ಮೆಟ್ಟಿಲು ಮುಗಿದ ಮೇಲೆ ಗಲ್ಲಿ, ಗಲ್ಲಿ ಮುಗಿದ ಮೇಲೆ ಎದುರುಮನೆಯವರ ಗೋಡೆ. ಪೈಪನ್ನು ಹಾಗೆಯೇ ನೆಲದ ಮೇಲೆ ಬಿಟ್ಟು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಲ್ಲುತ್ತಿದ್ದರು. ನೀರು ಹರಿದು ಹರಿದು ಚರಂಡಿಗೆ. ನಾನು ಮಾಳಿಗೆಯಿಂದ ಹಲ್ಲು ಕಡಿಯುತ್ತ ನೋಡುತ್ತಿದ್ದೆ. ಗೌತಮ ಕೆಳಗಿಳಿದು ಹೋಗಿ ಸದ್ದಿಲ್ಲದೆ ನಳ ಬಂದ್ ಮಾಡಿ ಬರುತ್ತಿದ್ದ. ಅವರು ಪೈಪು ಅಲ್ಲಾಡಿಸಿ ನೋಡಿ, ಮತ್ತೆ ನಳ ತಿರುಗಿಸುತ್ತಿದ್ದರು. ಮೂರು ಸಲ ಹೀಗೇ ಆಯಿತು.

ಎರಡನೇ ದಿನ ಅವರು ಕೋಣೆ ಗುಡಿಸಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಬಕೆಟ್ ತುಂಬಾ ನೀರು. ಮಗ್ಗು, ಚಹಾದ ಫ್ಲಾಸ್ಕು, ಎರಡು ಲೋಟ, ಹೂದಾನಿ, ಕೈ ತೊಳೆಯುವ ಬೇಸಿನ್ನು, ಎಲ್ಲದರಲ್ಲೂ ಅಂಚಿನವರೆಗೆ ನೀರು. ನಳದಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು.

"ಇಲ್ರಿ ಅಕ್ಕಾ. ಮುಂಜಾನಿ ಬರ್ತದೋ ಇಲ್ಲೋ ಅಂತ..." ಎಂದು ಗೌತಮ ಕನ್ನಡದಲ್ಲೇ ಅಂದುಬಿಟ್ಟ.

ಅದರಲ್ಲಿ ಅರ್ಧ ನಾನು ತುಂಬಿದ್ದು. ಹಿಂದಿನ ಸಂಜೆ ಅವನು ಬಕೆಟ್ ತುಂಬಿಟ್ಟು ಹೊರಗೆ ಹೋಗಿದ್ದ. ಅಷ್ಟು ಸಾಲದೆಂದು ನನ್ನ ಕೈ ತಾನಾಗಿ ಫ್ಲಾಸ್ಕಿನ ಮುಚ್ಚಳ ತೆಗೆದಿತ್ತು. ಅವರೆದುರು ನಾನು ಇದನ್ನು ಹೇಳಲಿಲ್ಲ. ಹಳ್ಳಿಯವನು, ಏನು ಮಾಡುವುದು ಎನ್ನುವ ಹಾಗೆ ಗೌತಮನ ಕಡೆ ನೋಡಿ ತಲೆ ಅಲ್ಲಾಡಿಸಿದೆ. ಕುಸುಮಾ ಅಕ್ಕ ನಗಲಿಲ್ಲ. ಫ್ಲಾಸ್ಕಿನ ನೀರನ್ನು ಚೆಲ್ಲದೆ ಕೆಳಗೆ ಒಯ್ದು ಅದರಲ್ಲೇ ಚಹಾ ಮಾಡಿ ತಂದರು. ಗೌತಮ ಅವರ ಭಾಷೆಯಲ್ಲಿ ಕಲಿತದ್ದು ಒಂದೇ ಶಬ್ದ, 'ವತುರ'. ನೀರು ಎಂದರ್ಥ.

ಗಳಗಳ ಮೇಲಿನ ಮೀನುಗಾರರು

ಗಾಲೆಯಿಂದ ಸ್ವಲ್ಪ ದೂರ ಬಸ್ಸಿನಲ್ಲಿ ಹೋದರೆ, ದಡದ ನೀರಿನಲ್ಲಿ ನೆಟ್ಟ ಗಳಗಳ ಮೇಲೆ ಕೂತು ಗಾಳ ಹಾಕುವವರು ಕಾಣುತ್ತಾರೆ. ಸೂರ್ಯ ಮುಳುಗುವ ಹೊತ್ತು. ನಾಲ್ಕು ಗಳ, ನಾಲ್ಕು ಜನ, ಹಿಂದೆ ಕೇಸರಿ ಆಕಾಶ. ಮೊಣಕಾಲುದ್ದ ನೀರಿಗಿಳಿದು ಎಪ್ಪತ್ತು ಫೋಟೋ ತೆಗೆದೆ. ಒಂದು ತೆರೆ ಬಂದು ನನ್ನ ಒಂದು ಚಪ್ಪಲಿ ಒಯ್ದಿತು. ಹೋಗಲಿ ಬಿಡು, ಪುಸ್ತಕದ ಮೊದಲ ಪುಟ ಸಿಕ್ಕಿತು ಎಂದು ಕುಣಿದಾಡಿದೆ.

ಗೌತಮ ಆ ಕಡೆ ನೋಡಲೇ ಇಲ್ಲ. ಮಧ್ಯಾಹ್ನ ಸುರಿದ ಮಳೆಗೆ ದಡದ ಮೇಲಿನ ದೋಣಿಗಳಲ್ಲಿ ನೀರು ನಿಂತಿತ್ತು. ಒಬ್ಬ ಹುಡುಗಿ ತೆಂಗಿನ ಚಿಪ್ಪಿನಿಂದ ಆ ನೀರನ್ನು ಎತ್ತಿ ಎತ್ತಿ ಹೊರಗೆ ಹಾಕುತ್ತಿದ್ದಳು. ಇವನು ತನ್ನ ಒಡಕು ಗಾಜಿನ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಮನೆಯವರ ಗ್ರೂಪಿಗೆ ಕಳಿಸಿ, ಕೆಳಗೆ ಬರೆದ: "ಇವರು ಮಳಿ ನೀರು ಹೊರಗ ಚೆಲ್ತಾರ."

ಗೌತಮ ಹಾಗೆ ದಿನಕ್ಕೆ ಒಂದೆರಡು ಕಳಿಸುತ್ತಿದ್ದ. ಬೀದಿಯ ನಳ ಒಂದೇ ನಿಂತಿರುವ ಫೋಟೋ, ಕೆಳಗೆ "ನಳ ಅದ. ಪಾಳಿ ಇಲ್ಲ." ಕುಸುಮಾ ಅಕ್ಕ ಪೈಪು ಹಿಡಿದಿರುವುದು, ಕೆಳಗೆ "ದಿನಾ ಎರಡು ಸಲ. ಮೆಟ್ಟಿಲಿಗಿ ನಮಗಿಂತ ಹೆಚ್ಚು ಪಾಳಿ." ರಿಜಿಸ್ಟರ್ ಬರೆದು ಬರೆದು ಅವನ ಕೈಗೆ ಸಣ್ಣ ಸಾಲು ಕೂತುಹೋಗಿದೆ. ಭಾಲ್ಕಿಯಿಂದ ಔರಾದಿನವರೆಗೆ ನಮ್ಮ ಬಳಗದವರೆಲ್ಲ ನಕ್ಕರು, ಮುಂದಕ್ಕೆ ಕಳಿಸಿದರು, ಇನ್ನೊಂದು ಕಳಿಸು ಎಂದರು. ನನ್ನ ಸೂರ್ಯಾಸ್ತಕ್ಕೆ ಸುಜಾತಾ ಒಬ್ಬಳೇ ಕೈಮುಗಿದ ಗುರುತು ಒತ್ತಿದಳು. ಅದೂ ತಪ್ಪಿ ಒತ್ತಿದ್ದಂತೆ.

ಮರುದಿನ ಕೋಟೆಯ ಅಂಗಡಿಯೊಂದರಲ್ಲಿ ಪೋಸ್ಟ್‌ಕಾರ್ಡ್ ತಿರುಗಿಸಿ ನೋಡುತ್ತಿದ್ದೆ. ನಾಲ್ಕು ಗಳ, ನಾಲ್ಕು ಜನ, ಕೇಸರಿ ಆಕಾಶ. ಮುಂದಿನದೂ ಅದೇ. ಅದರ ಮುಂದಿನದೂ ಅದೇ. ಎಡಗಡೆಯ ಮನುಷ್ಯನ ಟೋಪಿ ಸಮೇತ ನನ್ನದೇ ಫೋಟೋ! ನನಗಿಂತ ಮೊದಲು ನೂರು ಜನ ಅಲ್ಲೇ ನಿಂತು ಅದನ್ನೇ ತೆಗೆದಿದ್ದರು. ಅವರಿಗೂ ಚಪ್ಪಲಿ ಹೋಗಿರಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪ್ರೆಸ್ಸಿನ ಅಜ್ಜ

ಕುಸುಮಾ ಅಕ್ಕನ ಗಲ್ಲಿಯ ತುದಿಯಲ್ಲಿ ಒಂದು ಹಳೆಯ ಮುದ್ರಣಾಲಯ. ಅಜ್ಜ ಒಬ್ಬರು ನಡೆಸುತ್ತಿದ್ದರು. ಅವರ ಮೇಜಿನ ಮೇಲೆ ಅಂಗೈಯಗಲದ ಒಂದು ಪುಸ್ತಕವಿತ್ತು. ಆ ಗಲ್ಲಿಯ ಬಾಗಿಲುಗಳ ಫೋಟೋ, ಮೂವತ್ತು ಬಾಗಿಲು, ಅಷ್ಟೇ. ಪುಟಸಂಖ್ಯೆ ಇಲ್ಲ. ಮುಖಪುಟದ ಮೇಲೆ ಅವರ ಹೆಸರು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಆದದ್ದನ್ನು ಹೇಗೆ ಹೇಳಲಿ? ಒಂದು ಗಲ್ಲಿಗೆ ಪುಸ್ತಕವಿದೆ. ನನ್ನ ಇಡೀ ಭಾಲ್ಕಿಗೆ ಇಲ್ಲ. ಈ ಅಜ್ಜನಿಗೆ ಪುಸ್ತಕವಿದೆ, ನನಗಿಲ್ಲ. ಕದ್ದುಬಿಡಲೇ ಅನ್ನಿಸಿತು.

ನಾನೂ ಪುಸ್ತಕ ಮಾಡುವವನು ಎಂದು ಪರಿಚಯ ಹೇಳಿಕೊಂಡು ಕ್ಯಾಮೆರಾದಲ್ಲಿ ಫೋಟೋ ತೋರಿಸಿದೆ. ಅಜ್ಜ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. "ಚೆನ್ನಾಗಿದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ "ಪೋಸ್ಟ್‌ಕಾರ್ಡ್" ಎಂದು ಸೇರಿಸಿದರು. ಹೊಗಳಿದ್ದೋ ತೆಗಳಿದ್ದೋ ಕೇಳುವ ಧೈರ್ಯ ನನಗಾಗಲಿಲ್ಲ.

ಆಗ ಗೌತಮ, "ನಾನೂ ಒಂದೆರಡು ತೆಗದೀನಿ, ಸುಮ್ಮ ಹಂಗ" ಎನ್ನುತ್ತ ಮೊಬೈಲ್ ಕೊಟ್ಟ. ಅಜ್ಜ ಮೊದಲನೆಯದನ್ನು ನೋಡಿದರು. ಎರಡನೆಯದನ್ನು ನೋಡಿದರು. ಮೂರನೆಯದಕ್ಕೆ ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. ಆಕೆ ಹಿಟ್ಟಿನ ಕೈಯಲ್ಲೇ ಬಂದು, ಮೂಗಿನ ಹತ್ತಿರ ಮೊಬೈಲ್ ಹಿಡಿದುಕೊಂಡು ನಿಂತಳು. ಇಬ್ಬರೂ ನೋಡುತ್ತಿದ್ದದ್ದು ನಮ್ಮ ಕೋಣೆಯ ಫೋಟೋ. ಆ ಸಂಜೆ ಹೊರಗಿನಿಂದ ಬಂದವನು ಬಾಗಿಲಲ್ಲೇ ನಿಂತು ತೆಗೆದು, ಸಾಲು ಬರೆದು, ಗ್ರೂಪಿಗೆ ಕಳಿಸದೆ ಇಟ್ಟುಕೊಂಡಿದ್ದ. ಅದು ಇದೆಯೆಂದು ನನಗೂ ಆಗಲೇ ಗೊತ್ತಾದದ್ದು. ನೆಲದ ತುಂಬಾ ನೀರು ತುಂಬಿದ ಪಾತ್ರೆಗಳು. ನಡುವೆ ಬೆನ್ನು ಬಗ್ಗಿಸಿ, ಬನಿಯನ್ನಿನಲ್ಲಿ, ನಳದ ಕೆಳಗೆ ಚಹಾದ ಫ್ಲಾಸ್ಕು ಹಿಡಿದಿರುವ ನಾನು. ಆಚೆ ಕಿಟಕಿಯಲ್ಲಿ ಸಮುದ್ರ.

ಅದರ ಕೆಳಗೆ ಏನು ಬರೆದಿದೆ ಎಂದು ಅಜ್ಜ ಕೇಳಿದರು. "ಮುಂಜಾನಿ ಬರ್ತದೋ ಇಲ್ಲೋ" ಎಂಬುದನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಅಜ್ಜ ಗೌತಮನ ಭುಜ ಹಿಡಿದರು. ನೀನು ಪುಸ್ತಕ ಮಾಡು ಎಂದರು. ಅವನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ.

"ಏನಂದ್ರು ಅಣ್ಣಾರ?"

"ಊಟ ಆಯ್ತೇನು ಅಂತ ಕೇಳ್ಯಾರ" ಎಂದೆ.

ಮತ್ತೆ ಭಾಲ್ಕಿ

ಮನೆಗೆ ಬಂದು ಪುಸ್ತಕ ಜೋಡಿಸಲು ಕೂತೆ. ಯಾವ ಚಿತ್ರ ಮೊದಲು, ಯಾವುದು ಆಮೇಲೆ ಎಂದು ಸ್ಟುಡಿಯೋದ ಕಂಪ್ಯೂಟರಿನಲ್ಲಿ ಸರಿಸಿ ಸರಿಸಿ ಎರಡು ತಿಂಗಳು ಕಳೆದೆ. ಗಿರಾಕಿಗಳಂತೂ ಇರಲಿಲ್ಲ. ನನ್ನವು ಮೂವತ್ತನಾಲ್ಕು ಆಯ್ದೆ. ಗೌತಮನದು ಒಂದೂ ಬೇಡವೆಂದಿದ್ದೆ. ಗೌತಮನ ಮೊಬೈಲಿನಲ್ಲಿ ಎಲ್ಲವನ್ನೂ ನೋಡಿದ್ದ ಸುಜಾತಾ ಬಿಡಲಿಲ್ಲ.

"ನೀವು ಫ್ಲಾಸ್ಕ್ ತುಂಬೋ ಆ ನಳದ ಫೋಟೋ ಇರಲಿಲ್ಲಂದ್ರ ನಿಮ್ಮ ಪುಸ್ತಕಾನ ಬ್ಯಾಡ ನನಗ" ಎಂದಳು. "ಮತ್ತ ಅವನ ಬರವಣಿಗಿನೂ ಬೇಕು."

ಆರು ಹಾಕಿದೆ, ಎಲ್ಲದಕ್ಕೂ ಹಿಂದೆ. ನನ್ನವು ಪುಟ ತುಂಬಾ. ಅವನವು ಬಿಳಿಯ ಪುಟದ ನಡುವೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ಮೊಬೈಲಿನ ಫೋಟೋ ದೊಡ್ಡದು ಮಾಡಿದರೆ ಒಡೆಯುತ್ತದೆ ಎಂದು ಸುಜಾತಾಗೆ ಹೇಳಿದೆ. ಅಷ್ಟೇನೂ ಒಡೆಯುತ್ತಿರಲಿಲ್ಲ. ನಾನು ಬನಿಯನ್ನಿನಲ್ಲಿ ಬಗ್ಗಿರುವ ಆ ಫೋಟೋವನ್ನು ಕಟ್ಟಕಡೆಯ ಪುಟಕ್ಕೆ ತಳ್ಳಿದೆ. ಅಲ್ಲಿಯವರೆಗೆ ಯಾರು ಬರುತ್ತಾರೆ?

ಇನ್ನು ಬರವಣಿಗೆ. ಅವನ ಆ ಸಾಲುಗಳಿದ್ದರೆ ಮೂವತ್ತನಾಲ್ಕು ಸೂರ್ಯಾಸ್ತಗಳನ್ನೂ ಬಿಟ್ಟು ಜನ ಅವನ್ನೇ ಓದುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಚಿತ್ರಗಳಿಗೂ ಸಾಲು ಬರೆದು ನೋಡಿದೆ. 'ಸಂಜೆಯ ಸೊಬಗು' ಎಂದು ಬಂತು. ಸಿಟ್ಟು ಬಂದು ಎಲ್ಲವನ್ನೂ ಅಳಿಸಿದೆ. ಒಳಗೆ ಒಂದು ಅಕ್ಷರವೂ ಬೇಡ, ಪುಟಸಂಖ್ಯೆಯೂ ಬೇಡ. ಪರದೇಶದಲ್ಲಿ ಹಾಗೇ ಮಾಡುತ್ತಾರೆ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದು ಮನೆಯಲ್ಲಿ ಹೇಳಿದೆ. ಮುಖಪುಟದ ಮೇಲೆ ಪುಸ್ತಕದ ಹೆಸರು, ಅದರ ಕೆಳಗೆ ನನ್ನ ಹೆಸರು. ಒಂದೇ ಹೆಸರು.

ಬೀದರ

ಬೀದರಿನ ಪ್ರೆಸ್ಸಿಗೆ ಹೋದದ್ದು ಕಡುಬೇಸಿಗೆಯಲ್ಲಿ. ಮಷೀನ್ ನಡೆಸುವ ಈರಣ್ಣ ಎಂಬವರು ಲಗ್ನಪತ್ರಿಕೆ, ಜಾತ್ರೆಯ ಪೋಸ್ಟರ್, ಕ್ಯಾಲೆಂಡರ್ ಅಚ್ಚು ಹಾಕಿ ಕೂದಲು ಬೆಳ್ಳಗಾದವರು. ಮೊದಲ ನಾಲ್ಕು ಹಾಳೆಗಳಿಗೇ ಅವರ ನೀಲಿ ಶಾಯಿ ಖಾಲಿಯಾಯಿತು.

"ನಮ್ಮ ಕಡಿ ಎಲ್ಲಾ ಕೆಂಪು ಹಳದಿದಾಗ ನಡೀತದ್ರಿ. ಇಷ್ಟು ನೀಲಿ ಯಾರ್ ಕೇಳ್ತಾರ?" ಎಂದರು. ಹೈದರಾಬಾದಿನಿಂದ ನೀಲಿ ತರಿಸಿದರು. ಅದು ಬಂದ ದಿನ ಇನ್ನೊಂದು ತಾಪತ್ರಯ. ಆಫ್‌ಸೆಟ್ ಮಷೀನಿಗೆ ಶಾಯಿಯಷ್ಟೇ ನೀರೂ ಬೇಕು. ಪ್ಲೇಟಿನ ಮೇಲೆ ನೀರಿನ ರೋಲರು ಉರುಳಿದರೇನೇ ಶಾಯಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಪ್ರೆಸ್ಸಿನ ಬೋರು ಬತ್ತಿ ವಾರವಾಗಿತ್ತು. ಸಿಕ್ಕ ಸವಳು ನೀರು ಹಾಕಿ ಒಂದು ಹಾಳೆ ತೆಗೆದರು. ಸಮುದ್ರವೆಲ್ಲ ಮಸಿ ಮಸಿ.

"ಸಮುದ್ರ ಛಾಪಿಸಾಕ ನೀರಿಲ್ಲ ನೋಡ್ರಿ!" ಎಂದು ಈರಣ್ಣ ಮಷೀನ್ ನಿಲ್ಲಿಸಿ ಬೀಡಿ ಹಚ್ಚಿದರು.

ನಾನು ಮನೆಗೆ ಫೋನ್ ಮಾಡಿ ಸುಜಾತಾ ಎದುರು ಗೋಳಾಡಿದೆ. ಅವಳು ತಂಗಿಗೆ ಹೇಳಿದಳೋ ಏನೋ, ಮರುದಿನ ಮಧ್ಯಾಹ್ನ ಔರಾದಿನ ಬಸ್ಸಿನಿಂದ ಗೌತಮ ಇಳಿದ. ಎರಡೂ ಕೈಯಲ್ಲಿ ಎರಡು ಕ್ಯಾನ್ ನೀರು. ಅಂಗಿ ಬೆವರಿನಿಂದ ಮೈಗಂಟಿತ್ತು.

"ಸಿಹಿ ನೀರ್ ಅದರಿ. ನಮ್ಮ ಮನಿ ಪಾಳಿದು" ಎಂದ.

ಊರಿಗೆಲ್ಲ ಪಾಳಿ ಬರೆಯುವವನು ತನ್ನ ಮನೆಯ ಪಾಳಿ ನನಗೆ ತಂದಿದ್ದ. ನನಗೆ ಆಗ ಏನಾಗಬೇಕಿತ್ತೋ ಅದು ಆಗಲಿಲ್ಲ. ಒಳ್ಳೆಯವನಾಗಲೂ ನನಗಿಂತ ಮೊದಲು ಬಂದುಬಿಡುತ್ತಾನಲ್ಲ ಎನ್ನಿಸಿತು. ಮುಖಪುಟದ ಹಾಳೆ ಮೇಜಿನ ಮೇಲೆ ಬಿದ್ದಿತ್ತು. ಅದರ ಮೇಲೆ ಮೆಲ್ಲಗೆ ನನ್ನ ಚೀಲ ಇಟ್ಟೆ.

ಅವನು ಒಣಗಲು ಹಾಕಿದ್ದ ಹಾಳೆಗಳನ್ನು ಬಗ್ಗಿ ನೋಡಿದ. "ಬರವಣಿಗಿ ಎಲ್ಲಿ ಹಾಕೀರಿ ಅಣ್ಣಾರ?"

"ಈಗ ಹಂಗ ಹಾಕಂಗಿಲ್ಲ. ಬರೇ ಫೋಟೋ ಇರ್ತಾವ. ಆ ಅಜ್ಜನ ಪುಸ್ತಕ ನೋಡಲಿಲ್ಲೇನು?"

"ಹೌದ್ರಿ, ಹೌದ್ರಿ. ನಿಮಗ ಗೊತ್ತಿರ್ತದ" ಎಂದು ಮೂರು ಗಂಟೆಯ ಬಸ್ಸಿಗೆ ಹೊರಟುಹೋದ. ಟ್ಯಾಂಕರ್ ಹೊರಡುವ ಹೊತ್ತಿಗೆ ಅಲ್ಲಿರಬೇಕಿತ್ತು. ಈರಣ್ಣ ಅವನ ನೀರನ್ನು ಮಷೀನಿಗೆ ಸುರಿದು ಶುರು ಮಾಡಿದರು. ನೀಲಿ ಎಂದರೆ ಅಂಥ ನೀಲಿ ಬಂತು.

ಹಾಳೆಗಳನ್ನು ಪುಟದಳತೆಗೆ ಕತ್ತರಿಸಿ, ಕ್ರಮವಾಗಿ ಒಟ್ಟಿ, ಬೈಂಡಿಂಗಿಗೆ ಚೌಬಾರಾ ಗೋಪುರದ ಹತ್ತಿರದ ಚಾಚಾ ಅವರಿಗೆ ಕೊಟ್ಟು ಭಾಲ್ಕಿಗೆ ಬಂದೆ. ಬೀದರಿನಲ್ಲಿ ಅವರಷ್ಟು ಗಟ್ಟಿಯಾಗಿ ಜಿಲ್ದು ಕಟ್ಟುವವರಿಲ್ಲ. ನಾಲ್ಕು ದಿನದ ಮೇಲೆ ಹೋದರೆ ಇನ್ನೂರು ಪುಸ್ತಕ ಹಗ್ಗ ಕಟ್ಟಿಸಿಕೊಂಡು ತಯಾರಾಗಿದ್ದವು. ಮುಖಪುಟ, ನನ್ನ ಹೆಸರು. ತೆರೆದೆ.

ಮೊದಲ ಪುಟದಲ್ಲಿ ನಾನು ಬನಿಯನ್ನಿನಲ್ಲಿ ಬಗ್ಗಿ ಫ್ಲಾಸ್ಕು ತುಂಬುತ್ತಿದ್ದೆ.

ಮುಂದಿನ ಪುಟ ತಿರುಗಿಸಿದೆ. ದೋಣಿಯ ನೀರು ಚೆಲ್ಲುವ ಹುಡುಗಿ. ಅದರ ಮುಂದೆ ನಳ. ಗೌತಮನ ಆರೂ ಮುಗಿದ ಮೇಲೆ ನನ್ನ ಸೂರ್ಯಾಸ್ತಗಳು ಹಿಂದಿನಿಂದ ಮುಂದಕ್ಕೆ ಬರತೊಡಗಿದವು. ನಾಲ್ಕು ಗಳದ ಮೀನುಗಾರರು ಕಟ್ಟಕಡೆಗೆ ಕೂತಿದ್ದರು.

"ಚಾಚಾ, ಏನ್ ಮಾಡೀರಿ ಇದು!"

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಅವರ ಕೈಗೆ ಬರುವುದು ಹೆಚ್ಚಾಗಿ ಉರ್ದು ಪುಸ್ತಕಗಳು. ಉರ್ದು ಪುಸ್ತಕಕ್ಕೆ ಬೆನ್ನು ಬಲಗಡೆ. ಒಂದು ಅಕ್ಷರವೂ ಇಲ್ಲದ ನನ್ನ ಹಾಳೆಗಳಿಗೆ ಅವರು ರೂಢಿಯಂತೆ ಬಲಗಡೆ ಅಂಟು ಬಳಿದಿದ್ದರು. ಮೇಲಿನ ಹೊದಿಕೆಯನ್ನು ಮಾತ್ರ ಅದು ಮಡಚಿದ್ದ ಹಾಗೆಯೇ ಹಾಕಿದ್ದರು. ಹೀಗಾಗಿ ಹೊರಗಿನಿಂದ ಕನ್ನಡ ಪುಸ್ತಕ, ಒಳಗೆ ಎಲ್ಲವೂ ಉಲ್ಟಾ.

"ಒಂದ್ ಹರಫ್ ಇದ್ದಿದ್ರ ಗೊತ್ತಾಗ್ತಿತ್ತು ಸಾಬ್" ಎಂದರು ಚಾಚಾ ಬೇಸರದಿಂದ. "ಕನ್ನಡ ಆದ್ರ ಈ ಕಡಿ, ಉರ್ದು ಆದ್ರ ಆ ಕಡಿ. ಒಂದ್ ನಂಬರನೂ ಹಾಕಿಲ್ಲ ನೀವು. ಬರೇ ನೀರ್, ನೀರ್. ನೀರಿಗಿ ಯಾವ ಕಡಿ ಅಂತ ತಿಳಕೊಳ್ಳಲಿ ನಾ?"

ಬಿಚ್ಚಿ ಮತ್ತೆ ಕಟ್ಟಿದರೆ ಚಿತ್ರದ ಅಂಚು ಹೋಗುತ್ತದೆ ಎಂದರು. ನಾನು ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ತೆರೆದು ನೋಡಿದೆ. ಕೆಡಿಸಬೇಕೆಂದೇ ಸಣ್ಣದು ಮಾಡಿದ ಅವನ ಚಿತ್ರಗಳು ಬಿಳಿಯ ಪುಟದ ನಡುವೆ ಕಿಟಕಿಯ ಹಾಗೆ ಕಾಣುತ್ತಿದ್ದವು. ಹತ್ತಿರ ಹಿಡಿದು ನೋಡಬೇಕು, ಗಾಲೆಯ ಪ್ರೆಸ್ಸಿನ ಅಜ್ಜನ ಹೆಂಡತಿ ಮೊಬೈಲ್ ಹಿಡಿದ ಹಾಗೆ. ನನ್ನ ಸಿಟ್ಟು ನೆತ್ತಿಗೇರಿತು.

ಔರಾದ

ಮೊದಲ ಪ್ರತಿ ಗೌತಮನಿಗೆ ಕೊಟ್ಟು ಬನ್ನಿ ಎಂದು ಸುಜಾತಾ ಕಳಿಸಿದಳು. ಬೈಂಡಿಂಗ್ ತಪ್ಪಾಗಿದೆ, ಹಿಂದಿನಿಂದ ನೋಡು ಎಂದು ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ. ಟ್ಯಾಂಕರಿನ ನೀರು ತುಂಬಿಸುವ ಜಾಗದಲ್ಲಿ, ತಗಡಿನ ನೆರಳಿನಲ್ಲಿ ಅವನು ರಿಜಿಸ್ಟರ್ ಹಿಡಿದು ಕೂತಿದ್ದ. ಕೊಡಗಳ ಸಾಲು ರಸ್ತೆಯವರೆಗೆ ಹಬ್ಬಿತ್ತು. ಅರ್ಧ ಓಣಿ ಪುಣೆಗೆ ಹೋದ ಮೇಲೂ ಅಷ್ಟು ಕೊಡ.

ಅವನು ಎದ್ದು ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡ. ಮುಖಪುಟದ ಮೇಲಿನ ನನ್ನ ಹೆಸರನ್ನು ಗಟ್ಟಿಯಾಗಿ ಓದಿದ. ತನ್ನದನ್ನು ಹುಡುಕಲಿಲ್ಲ. ಆಮೇಲೆ ತೆರೆದ.

ಎರಡನೇ ಪುಟ, ಮೂರನೇ ಪುಟ.

"ಅಣ್ಣಾರ... ನಂದು ಮೊದಲು ಹಾಕೀರಲ್ರಿ."

ನಾನು ಬಾಯಿ ತೆರೆದೆ. ಬಾಯಿಪಾಠ ಮಾಡಿದ್ದು ಹೊರಗೆ ಬರಲಿಲ್ಲ.

ಅವನು ಪುಟ ತಿರುಗಿಸುತ್ತ ಕೊನೆಯವರೆಗೆ ಹೋದ. "ನಿಮ್ಮವು ಎಲ್ಲಾ ಹಿಂದ ಇಟ್ಟೀರಿ. ಮನ್ಯಾಗ ಹಿರೇರು ಎಲ್ಲಾರಿಗೂ ಉಣ್ಣಾಕ ಹಾಕಿ ಕಡಿಗಿ ಕೂಡ್ತಾರಲ್ರಿ, ಹಂಗ ಮಾಡೀರಿ." ಅವನ ಕಣ್ಣು ತುಂಬಿತ್ತು. ತೋಳಿನಿಂದ ಒರೆಸಿಕೊಂಡ. "ನಾನು ನಿಮಗ ಬ್ಯಾರೇನೇ ತಿಳದಿದ್ನಿರಿ. ತಪ್ಪಾತು."

ಬೇರೆ ಏನು ತಿಳಿದಿದ್ದ? ಚಕಾರ ಎತ್ತದೆ ಇದ್ದವನಿಗೆ ಎಲ್ಲವೂ ಗೊತ್ತಿತ್ತು ಹಾಗಾದರೆ. ಪ್ರೆಸ್ಸಿನಲ್ಲಿ ಚೀಲದ ಕೆಳಗೆ ನಾನು ಏನಿಟ್ಟಿದ್ದೆ ಎಂಬುದೂ ಗೊತ್ತಿದ್ದೀತು. ಗೊತ್ತಿದ್ದೇ ಆ ನೀರು ಕೊಟ್ಟು ಹೋಗಿದ್ದ.

ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೊಡ ಕಂಕುಳಿಗೇರಿಸಿಕೊಂಡು ಬಂದು ಬಗ್ಗಿ ನೋಡಿದಳು. "ಯಾರೋ ಇವ? ನಮ್ಮಂಗ ಸಿಕ್ಕಿದ್ರಾಗೆಲ್ಲ ತುಂಬಾಕ ಹತ್ಯಾನ!"

"ನಮ್ಮ ಅಣ್ಣಾರ ಆಯೀ. ಇವರೇ ಪುಸ್ತಕ ಮಾಡ್ಯಾರ."

ಅಜ್ಜಿ ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. "ಆ ಕಿಟಕ್ಯಾಗ ಅಷ್ಟು ನೀರ್ ಕಾಣ್ತದಲ್ಲೋ ಮಗಾ. ಮತ್ಯಾಕ ತುಂಬಿದಿ?" ಎಂದು ಕೇಳಿದಳು. "ಮುಂಜಾನಿ ಬರ್ತದೋ ಇಲ್ಲೋ ಅಂತ" ಎಂದು ಗೌತಮ ನನ್ನ ಪರವಾಗಿ ಉತ್ತರ ಹೇಳಿದ. ನಾಲ್ಕೂ ಕಡೆಯಿಂದ ಹೆಂಗಸರು ಬಂದು ಪುಸ್ತಕ ಸುತ್ತುವರಿದರು. ಯಾರೂ ಸೂರ್ಯಾಸ್ತದವರೆಗೆ ಹೋಗಲಿಲ್ಲ.

"ಖರೇನೇ ಬೇಕಂತ ಮೊದಲು ಹಾಕೀರೇನ್ರಿ?" ಎಂದು ನಾನು ಹೊರಡುವಾಗ ಅವನು ಕೇಳಿದ.

"ಹೂಂ" ಎಂದೆ.

ಅದೊಂದು ಹೂಂ ಹೇಳಿ ಬಂದು ಈಗ ಎಷ್ಟೋ ಮಳೆಗಾಲಗಳಾದವು. ಕಾರಂಜಾ ತುಂಬಿತು, ಬರಿದಾಯಿತು, ಮತ್ತೆ ತುಂಬಿತು. ಇನ್ನೂರು ಪ್ರತಿಗಳೂ ಮುಗಿದವು. ಅತ್ತೆಯ ಮನೆಯಲ್ಲಿ ನನಗೂ ಹೋಳಿಗೆ ಮಾಡುತ್ತಾರೆ. ಎರಡನೆಯದನ್ನು ನಾನು ಹಾಕಿಸಿಕೊಳ್ಳುವುದಿಲ್ಲ. ಪುಸ್ತಕ ಕಂಡವರೆಲ್ಲ ಷಡ್ಡಕನನ್ನು ಮುಂದಿಟ್ಟ ದೊಡ್ಡ ಮನುಷ್ಯ ಎಂದು ನನ್ನನ್ನು ಹೊಗಳುತ್ತಾರೆ. ಆ ದೊಡ್ಡ ಮನುಷ್ಯನನ್ನು ಕಂಡರೂ ನನಗೆ ಹೊಟ್ಟೆಕಿಚ್ಚು.

ಪ್ರವಾಸ ಕಥನ ಕೊಡಿ ಎಂದು ಪತ್ರಿಕೆಯವರು ಕೇಳಿದಾಗ ಇದನ್ನು ಬರೆದೆ. ಗೌತಮ ಉದ್ದದ್ದು ಯಾವುದನ್ನೂ ಓದುವುದಿಲ್ಲ, ಚಿತ್ರದ ಕೆಳಗಿನ ಸಾಲು ಮಾತ್ರ ತಪ್ಪದೆ ಓದುತ್ತಾನೆ. ಅದಕ್ಕೇ ಈ ಬರಹದ ಜೊತೆ ನಾನು ಫ್ಲಾಸ್ಕು ತುಂಬುವ ಆ ನಳದ ಚಿತ್ರವನ್ನು, ಈ ಸಲ ಪುಟ ತುಂಬಾ, ಹಾಕಿಸುತ್ತಿದ್ದೇನೆ. ಕೆಳಗಿನ ಸಾಲು ನನ್ನದು:

"ಗೌತಮ, ನಾ ನಿಂದು ಕಡೀ ಪುಟಕ್ಕ ಇಟ್ಟಿದ್ನೋ. ಫೋಟೋ ನಿಂದು."